ಹಿಂದಿನ ಸಂಜೆ ಮಾಡಿಸಿದ ವಿಮೆ

ಲಿಫ್ಟಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆಯುಷ್ಯದ ಅರ್ಧಕ್ಕಿಂತ ಹೆಚ್ಚು ಕಾಲ ಲಿಫ್ಟು ರಿಪೇರಿ ಮಾಡಿಕೊಂಡು ಬಂದವನನ್ನು ಜನ ಇನ್ನೇನೆಂದು ಕರೆದಾರು? ಮೊದಲು ಕಟ್ಟಡಗಳ ಕಾವಲುಗಾರರು ಹಾಗೆ ಕರೆದರು, ಆಮೇಲೆ ಮೇಲಿನ ಮಹಡಿಗಳ ಅಜ್ಜಿಯರು ಕರೆದರು. ಕೊನೆಗೆ ಹೆಂಡತಿಯ ಅಣ್ಣನೂ ಶುರು ಹಚ್ಚಿಕೊಂಡ ಮೇಲೆ ಅವನೇ ಸೋತು, ಫೋನೆತ್ತಿದರೆ “ಹಲೋ, ಲಿಫ್ಟಪ್ಪ” ಎನ್ನತೊಡಗಿದ.

ಕೆಲಸದಲ್ಲಿ ಆಸಾಮಿ ಗಟ್ಟಿ. ಲಿಫ್ಟು ಕೆಟ್ಟು ನಿಂತ ಕಟ್ಟಡಕ್ಕೆ ಹೋದರೆ ಚೀಲ ಕೆಳಗಿಟ್ಟು ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಯಾವಾಗಿಂದ ಹೀಗಾಗ್ತಿದೆ?” ಅದಕ್ಕೆ ಸಿಗುತ್ತಿದ್ದ ಉತ್ತರವೂ ಒಂದೇ: “ಈಗ ತಾನೇ, ಇದ್ದಕ್ಕಿದ್ದ ಹಾಗೆ.” ಅದು ಹಸಿ ಸುಳ್ಳು ಎಂದು ಅವನಿಗೆ ಗೊತ್ತು. ಬಾಗಿಲು ತಿಂಗಳುಗಟ್ಟಲೆ ಕಿರುಗುಟ್ಟಿರುತ್ತದೆ, ಲಿಫ್ಟು ಮಹಡಿಗಿಂತ ಗೇಣು ಕೆಳಗೆ ನಿಲ್ಲುವುದು ಎಲ್ಲರಿಗೂ ಅಭ್ಯಾಸವಾಗಿರುತ್ತದೆ. ಹಾಗೆಂದು ಒಪ್ಪಿಕೊಂಡರೆ ‘ನೀವು ಅಲಕ್ಷ್ಯ ಮಾಡಿದ್ದು, ವರ್ಷದ ರಿಪೇರಿ ಕರಾರಿನಲ್ಲಿ ಬರೋದಿಲ್ಲ’ ಎಂದು ಕಂಪನಿ ಕೈಯೆತ್ತಿಬಿಡುತ್ತದೆಂಬ ಭಯ ಅವರಿಗೆ. ಕಂಪನಿಯ ಪರವಾಗಿ ಆ ಮಾತನ್ನು ಎಷ್ಟೋ ಸಲ ಲಿಫ್ಟಪ್ಪನೇ ಹೇಳಿದ್ದಾನೆ. ಹಾಗಾಗಿ ಕರಾರು, ವಿಮೆ, ಗ್ಯಾರಂಟಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೂಗು ಮುರಿಯುತ್ತಿದ್ದ. “ದುಡ್ಡು ಇಸ್ಕೊಳ್ಳೋವಾಗ ಬಾಯ್ತುಂಬ ನಗ್ತಾರೆ. ಕೊಡೋವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ ತೋರಿಸ್ತಾರೆ. ನಂಗೊತ್ತಿಲ್ವಾ? ತೋರಿಸೋದೇ ನಾನು.”

ಹೆಂಡತಿಯ ಅಣ್ಣ, ಅಂದರೆ ಭಾವ, ಶಾಲೆಯೊಂದರಲ್ಲಿ ಬ್ಯಾಂಡ್ ಮೇಷ್ಟ್ರು. ಮದುವೆಯ ಗೊಡವೆಗೆ ಹೋಗದ ಮನುಷ್ಯ. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಸಾಕಿ, ಓದಿಸಿ, ಒಂದು ಮನೆ ಸೇರಿಸುವುದರಲ್ಲಿ ತನ್ನ ಪ್ರಾಯ ಕಳೆದುಹೋದದ್ದು ಅವನಿಗೆ ಗೊತ್ತಾಗಲೇ ಇಲ್ಲ, ಅಥವಾ ಗೊತ್ತಾದದ್ದನ್ನು ಯಾರಿಗೂ ಗೊತ್ತಾಗಗೊಡಲಿಲ್ಲ. ಎರಡು ಬೀದಿಯಾಚೆಯ ಸಣ್ಣ ಮನೆಯಲ್ಲಿ ಒಬ್ಬನೇ ಇದ್ದುಕೊಂಡು ಸಂಜೆ ಹೊತ್ತು ಕ್ಲಾರಿನೆಟ್ ನುಡಿಸುತ್ತಿದ್ದ. ರಜೆಯ ದಿನ ತಂಗಿಯ ಮನೆಗೆ ಬಂದು ಲಿಫ್ಟಪ್ಪನನ್ನು ಗೋಳು ಹೊಯ್ದುಕೊಳ್ಳುತ್ತಿದ್ದ.

“ನಿಮ್ಮದೊಂದು ವಿಚಿತ್ರ ಕೆಲಸ ಕಣ್ರೀ ಲಿಫ್ಟಪ್ಪನೋರೆ. ದಿನವೆಲ್ಲಾ ಮೇಲೆ ಹೋಗ್ತಾನೇ ಇರ್ತೀರಿ, ಸಂಜೆ ನೋಡಿದ್ರೆ ಇದ್ದಲ್ಲೇ ಇದ್ದೀರಿ.”

“ನಿಮ್ಮದೇನು ಭಾವ? ಜೀವಮಾನವೆಲ್ಲಾ ಊದಿದ್ರಿ, ಒಂದು ಒಲೆಯಾದ್ರೂ ಹತ್ತಿಕೊಳ್ತಾ?”

ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಇಬ್ಬರದೂ ಅಲ್ಲ, ಅದಕ್ಕೇ ಈ ಕಾಲೆಳೆಯುವ ಆಟ.

ಭಾವ ಕೆಲಸದಿಂದ ನಿವೃತ್ತನಾದ ವರ್ಷ ಲಿಫ್ಟಪ್ಪನ ತಲೆಯಲ್ಲಿ ಹಡಗಿನ ಪ್ರವಾಸದ ಯೋಚನೆ ಹೊಕ್ಕಿತು. ಹಡಗಿನ ಕಂಪನಿಯ ಕಚೇರಿಯ ಲಿಫ್ಟನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಅಲ್ಲಿನ ಮ್ಯಾನೇಜರು ಕೊನೆ ಗಳಿಗೆಯಲ್ಲಿ ಖಾಲಿ ಉಳಿದ ಒಂದು ಕೋಣೆಯನ್ನು ಕಡಿಮೆ ದರಕ್ಕೆ ಕೊಡುತ್ತೇನೆಂದ. ಷರತ್ತು ಒಂದೇ, ಹೋಗದಿದ್ದರೆ ಹಣ ವಾಪಸ್ ಇಲ್ಲ. ಭಾವನೂ ಅವನ ಸಂಗಡ ನಿವೃತ್ತನಾದ ಡ್ರಾಯಿಂಗ್ ಮೇಷ್ಟ್ರೂ ಹೋಗಿಬರಲಿ ಎಂದು ಲಿಫ್ಟಪ್ಪನ ಲೆಕ್ಕಾಚಾರ. ಹೆಂಡತಿ ಅದಕ್ಕೆ ಸುತರಾಂ ಒಪ್ಪಲಿಲ್ಲ. ತಾನು ಹೋಗುವ ಮಾತೇ ಇರಲಿಲ್ಲ, ಬಸ್ಸು ಎರಡು ತಿರುವು ತಿರುಗಿದರೆ ಕಿಟಕಿಯಾಚೆ ತಲೆ ಹಾಕುವ ಹೆಂಗಸು ಅವಳು.

“ಅಣ್ಣನ ಜೊತೆ ನೀವೇ ಹೋಗಿ. ಬೇರೆ ಯಾರೂ ಬೇಡ,” ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ, ಹಡಗು ನೋಡುವ ಆಸೆ ಅವನಿಗೂ ಇತ್ತು. “ಮತ್ತೆ, ಇನ್ಶೂರೆನ್ಸ್ ಮಾಡಿಸ್ಬಿಡಿ. ಗೊತ್ತಿಲ್ಲದ ಊರಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ?”

“ಮಾಡಿಸ್ತೀನಿ.”

ವಾರ ಬಿಟ್ಟು ಮತ್ತೆ ಕೇಳಿದಳು. “ಮಾಡಿಸಿದ್ರಾ?”

“ಆಯ್ತು ಮಾರಾಯ್ತಿ, ಆಗ್ಹೋಗಿದೆ.”

ಆಗಿರಲಿಲ್ಲ. ಸಣ್ಣ ಅಕ್ಷರದವರಿಗೆ ದುಡ್ಡು ಸುರಿಯುವಷ್ಟು ದಡ್ಡ ತಾನಲ್ಲ ಎಂದು ಅವನು ಒಳಗೊಳಗೇ ಬೀಗಿದ್ದ. ಹೆಂಡತಿಗೆ ಹೇಳಿದ್ದು ಯಾರ ಗಂಟೂ ಹೋಗದಂಥ ಸಣ್ಣ ಸುಳ್ಳು ಎಂದುಕೊಂಡಿದ್ದ.

ಹಡಗು ಹೊರಡುವ ಹಿಂದಿನ ದಿನ ಇಬ್ಬರೂ ಬಂದರಿನ ಊರಿಗೆ ಬಂದಿಳಿದು, ಗೋದಾಮುಗಳ ಸಾಲಿನ ಹಿಂದಿನ ಬೀದಿಯಲ್ಲಿ ಒಂದು ಲಾಡ್ಜು ಹಿಡಿದರು. ಕೋಣೆಯಲ್ಲಿ ಎರಡು ಮಂಚ, ಒಂದು ಕುರ್ಚಿ, ಗೋಡೆಗೆ ಬಿರುಕುಬಿಟ್ಟ ಕನ್ನಡಿ. ಕಿಟಕಿಯಿಂದ ನೋಡಿದರೆ ಗೋದಾಮಿನ ತಗಡಿನ ಮಾಡಿನ ಮೇಲೆ ಹಡಗಿನ ಬಿಳಿಯ ನೆತ್ತಿ ಕಾಣುತ್ತಿತ್ತು. ಭಾವ ಬಟ್ಟೆ ಕೂಡ ಬದಲಾಯಿಸದೆ ಕಿಟಕಿಗೆ ಅಂಟಿಕೊಂಡು ನಿಂತ. “ಇಷ್ಟು ಹೊತ್ತು ನಿಂತರೆ ನಾಳೆ ಹಡಗಿನವರು ನೋಡಿದ್ದಕ್ಕೂ ದುಡ್ಡು ಕೇಳ್ತಾರೆ, ಬನ್ನಿ ಭಾವ,” ಎಂದು ಲಿಫ್ಟಪ್ಪ ಅವನನ್ನು ಊಟಕ್ಕೆ ಎಳೆದುಕೊಂಡು ಹೋದ.

ಕೆಳಗಿನ ಊಟದ ಕೋಣೆಯಲ್ಲಿ ಅವರಿಬ್ಬರೇ. ಸೂಪು ಬಂತು, ಬ್ರೆಡ್ಡು ಬಂತು. ಭಾವ ಚಮಚ ಎತ್ತಿದ, ಅದು ಜಾರಿ ತಟ್ಟೆಗೆ ಬಿತ್ತು. ನಕ್ಕು ಮತ್ತೆ ಎತ್ತಿದ, ಮತ್ತೆ ಬಿತ್ತು. ಈ ಸಲ ನಗಲಿಲ್ಲ. ಬಲಗೈಯನ್ನು ಯಾರದೋ ವಸ್ತು ಎಂಬಂತೆ ನೋಡಿಕೊಂಡ.

“ಏನಾಯ್ತು?”

“ಜೋಮು ಹಿಡಿದಿದೆ. ಬಸ್ಸಲ್ಲಿ ಅದರ ಮೇಲೇ ಒರಗಿ ಮಲಗಿದ್ನಲ್ಲ.” ಎಡಗೈಯಿಂದ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯತ್ತ ತೋರಿಸಿದ. “ಅದು ಕೊಡಿ ಇಲ್ಲಿ. ಅದು… ಅದು.” ಮಾತು ಸಿಗಲಿಲ್ಲ. ತುಟಿಯ ಬಲತುದಿ ತುಸು ಕೆಳಗೆ ಜೋತಿತ್ತು, ಸೂಪಿನ ಒಂದು ಎಳೆ ಗಲ್ಲದ ಮೇಲೆ ಇಳಿಯುತ್ತಿದ್ದರೂ ಅವನಿಗೆ ಗೊತ್ತಾಗಲಿಲ್ಲ.

ಲಿಫ್ಟಪ್ಪ ಎದ್ದು ಭಾವನ ಪಕ್ಕಕ್ಕೆ ಬಂದ. ಕರವಸ್ತ್ರ ತೆಗೆದು ಭಾವನ ಗಲ್ಲ ಒರೆಸಿದ. ಇಷ್ಟು ವರ್ಷದಲ್ಲಿ ಅವನು ಭಾವನ ಮುಖ ಮುಟ್ಟಿದ್ದು ಅದೇ ಮೊದಲು.

“ಡಾಕ್ಟರ ಹತ್ರ ಹೋಗೋಣ, ಏಳಿ.”

“ಎಂಥ ಡಾಕ್ಟರು,” ಎಂದ ಭಾವ. ನಾಲಿಗೆ ದಪ್ಪಗಾದವನಂತೆ ಮಾತು ಎಳೆಯುತ್ತಿತ್ತು. “ಅವರು ನಾಲ್ಕು ದಿನ ಮಲಗಿಸ್ತಾರೆ. ಅಷ್ಟು ದಿನ ಹಡಗನ್ನ ನೀವು ಹಗ್ಗ ಹಾಕಿ ಹಿಡ್ಕೊಂಡಿರ್ತೀರಾ? ಬೇಡ. ಪುಟ್ಟಿಗೂ ಹೇಳ್ಬೇಡಿ. ಅವಳು ಊರನ್ನೇ ಎಬ್ಬಿಸ್ತಾಳೆ.”

ಪುಟ್ಟಿ ಎಂದರೆ ಲಿಫ್ಟಪ್ಪನ ಹೆಂಡತಿ. ಆ ಹೆಸರು ಕಿವಿಗೆ ಬಿದ್ದದ್ದೇ ಲಿಫ್ಟಪ್ಪನಿಗೆ ಬೇರೊಂದು ನೆನಪಾಯಿತು. ವಿಮೆ ಇಲ್ಲ. ಇವತ್ತು ಏನಾದರೂ ಆದರೆ, ಇಲ್ಲದ ಆ ಕಾಗದವನ್ನು ಅವಳು ಕೇಳುತ್ತಾಳೆ.

ಕೋಣೆಗೆ ಬಂದು ಮಲಗಿದ ಮೇಲೆ ಭಾವನ ಬಾಯಿ ಸರಿಹೋಯಿತು. ಮಾತೂ ಹೆಚ್ಚುಕಮ್ಮಿ ನೆಟ್ಟಗಾಯಿತು. ಕೈ ಮಾತ್ರ ಹೊದಿಕೆಯ ಕೆಳಗೆ ಭಾರವಾಗಿ ಬಿದ್ದಿತ್ತು. “ನೋಡಿ, ಹೇಳಿಲ್ವಾ?” ಎಂದ ಭಾವ. ಲಿಫ್ಟಪ್ಪ ಹ್ಞೂಂಗುಟ್ಟಿದ. ಆಮೇಲೆ ಮಂಚದ ಅಂಚಿಗೆ ಕೂತು ಫೋನು ತೆಗೆದ. ಡಾಕ್ಟರನ್ನು ಹುಡುಕಲಿಕ್ಕಲ್ಲ. ಪ್ರವಾಸ ವಿಮೆ ಹುಡುಕಲಿಕ್ಕೆ.

ಇದನ್ನು ಕೇಳಿ ನಿಮಗೆ ಅವನ ಮೇಲೆ ಕೋಪ ಬರಬಹುದು. ಬರಬೇಕಾದದ್ದೇ. ಆದರೆ ಅವನ ಮಟ್ಟಿಗೆ ಅವನು ಭಾವನಿಗೋಸ್ಕರ ಏನೋ ಮಾಡುತ್ತಿದ್ದ. ಅರ್ಜಿಯ ಒಂದೊಂದು ಖಾನೆ ತುಂಬಿದಾಗಲೂ ಅವನಿಗೆ ಜೀವಕ್ಕೆ ಸ್ವಲ್ಪ ಸಮಾಧಾನವಾಗುತ್ತಿತ್ತು, ರೋಗಿಗೆ ಒಂದೊಂದು ಚಮಚ ಔಷಧಿ ಕುಡಿಸಿದಾಗ ಆಗುವ ಹಾಗೆ.

“ನನ್ನ ವಯಸ್ಸು ಸ್ವಲ್ಪ ಕಮ್ಮಿ ಹಾಕ್ರೀ,” ಎಂದು ಭಾವ ಮಲಗಿದಲ್ಲಿಂದ ತಮಾಷೆ ಮಾಡಿದ.

“ಕಮ್ಮಿ ಹಾಕಿದ್ರೆ ಮದುವೆ ಮಾಡಿಸಬೇಕಾಗುತ್ತೆ, ಸುಮ್ಮನಿರಿ.”

ಕೊನೆಯಲ್ಲೊಂದು ಪ್ರಶ್ನೆ ಬಂತು. ಪ್ರಯಾಣಿಕರಲ್ಲಿ ಯಾರಿಗಾದರೂ ಈಗ ಕಾಯಿಲೆಯ ಲಕ್ಷಣಗಳಿವೆಯೇ? ಲಿಫ್ಟಪ್ಪನ ಹೆಬ್ಬೆರಳು ಫೋನಿನ ಗಾಜಿನ ಮೇಲೆ ನಿಂತಿತು. ತಲೆಯೆತ್ತಿ ಭಾವನನ್ನು ನೋಡಿದ. ಭಾವ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದ. ಲಿಫ್ಟಪ್ಪ ‘ಇಲ್ಲ’ ಒತ್ತಿದ. ಹಣ ಹೋಯಿತು, ಪಾಲಿಸಿ ಬಂತು. ಆಮೇಲೆ ಹೆಂಡತಿಗೆ ಫೋನು ಮಾಡಿ, ಎಲ್ಲಾ ಚೆನ್ನಾಗಿದೆ, ಭಾವ ಮಲಗಿಬಿಟ್ಟ ಎಂದು ಹೇಳಿ ದೀಪ ಆರಿಸಿದ.

ಬೆಳಿಗ್ಗೆ ಭಾವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ. ಲಿಫ್ಟಪ್ಪ ಎದುರಿಗೆ ನಿಂತು ಹಾಕಿಕೊಟ್ಟ. ಶೂಗಳ ಲಾಡಿಯನ್ನೂ ಕಟ್ಟಿದ. ಹಡಗು ಹತ್ತಿಬಿಟ್ಟರೆ ಅಲ್ಲೇ ಡಾಕ್ಟರು ಇರುತ್ತಾರಂತೆ ಎಂದು ಲಿಫ್ಟಪ್ಪ ತನಗೆ ತಾನೇ ಹೇಳಿಕೊಂಡ. ಹತ್ತಿದ ಮೇಲೆ ಏನಾದರೂ ವಿಮೆಗೂ ತಕರಾರಿಲ್ಲ ಎಂಬುದನ್ನು ಹೇಳಿಕೊಳ್ಳಲಿಲ್ಲ, ಆದರೆ ಅದೂ ಅವನ ಮನಸ್ಸಿನಲ್ಲಿತ್ತು.

ಹಡಗು ಹತ್ತುವವರ ಹಜಾರದಲ್ಲಿ ಉದ್ದದ ಸಾಲು. ಗಾಜಿನ ಗೋಡೆಯಾಚೆ ಹಡಗು ಎದ್ದು ನಿಂತಿತ್ತು, ಅದರ ಪಕ್ಕೆಯಷ್ಟೇ ಕಾಣುತ್ತಿತ್ತು, ಪೂರ್ತಿ ನೋಡಬೇಕೆಂದರೆ ಕತ್ತು ಹೊರಳಿಸಬೇಕು. ಭಾವ ಕತ್ತು ಹೊರಳಿಸಿ ನೋಡುತ್ತಿದ್ದ. ಹೆಗಲ ಚೀಲ ಬಲತೋಳಿನಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಲು ಲಿಫ್ಟಪ್ಪ ಬಗ್ಗಿದ. ಏಳುವಷ್ಟರಲ್ಲಿ ಭಾವನ ಬಲಮಂಡಿ ಮಡಚಿತು, ಇಡೀ ಮೈ ಅವನ ಮೇಲೇ ಕುಸಿಯಿತು. ಬಾಯಿ ಒಂದು ಪಕ್ಕಕ್ಕೆ ಎಳೆದುಹೋಗಿತ್ತು. ಮಾತಾಡಲು ಹೋದರೆ ಬರೀ ಸದ್ದು.

ಜನ ಸುತ್ತುಗಟ್ಟಿದರು. ಬಂದರಿನ ನರ್ಸು ಓಡಿ ಬಂದು ನೆಲಕ್ಕೆ ಮಂಡಿಯೂರಿ ಭಾವನ ಕೈ ಎತ್ತಿ ಬಿಟ್ಟು ನೋಡಿದಳು. “ಯಾವಾಗ ಶುರುವಾಯ್ತು?”

ಲಿಫ್ಟಪ್ಪ ಚೀಲವನ್ನು ಹೆಗಲಿಗೇರಿಸಿಕೊಂಡ. “ಈಗ ತಾನೇ. ಇಲ್ಲೇ, ಸಾಲಲ್ಲಿ ನಿಂತಿದ್ದಾಗ. ಇದ್ದಕ್ಕಿದ್ದ ಹಾಗೆ.”

ನರ್ಸು ಅದನ್ನು ಆಂಬುಲೆನ್ಸಿನ ಹಾಳೆಯಲ್ಲಿ ಬರೆದುಕೊಂಡಳು. ಭಾವ ಎಡಗೈಯಿಂದ ಲಿಫ್ಟಪ್ಪನ ಮಣಿಕಟ್ಟು ಹಿಡಿದು ಒಮ್ಮೆ ಒತ್ತಿದ. ಸರಿಯಾಗಿ ಹೇಳಿದ್ರಿ ಎಂಬಂತಿತ್ತು ಆ ಒತ್ತು.

ಹಡಗಿನ ಕಂಪನಿಯ ಸಮವಸ್ತ್ರದ ಹುಡುಗಿ ಬಂದು ಮೆಲ್ಲಗೆ ಕೇಳಿದಳು. “ಸರ್, ಗೇಟು ಮುಚ್ಚೋ ಹೊತ್ತಾಯ್ತು. ನೀವಾದ್ರೂ ಹತ್ತುತ್ತೀರಾ?”

“ಹುಚ್ಚಾ ನಿಮಗೆ?”

“ಕೇಳಬೇಕಾಗುತ್ತೆ ಸರ್. ನಮ್ಮ ಕಡೆಯಿಂದ ಹಣ ವಾಪಸ್ ಬರಲ್ಲ. ಇನ್ಶೂರೆನ್ಸ್ ಇದ್ರೆ ಅವರು ಕೊಡ್ತಾರೆ. ಇದೆಯಾ?”

“ಇದೆ,” ಎಂದ ಲಿಫ್ಟಪ್ಪ. ನಿಜವನ್ನೇ ಹೇಳಿದ್ದರೂ ಹುಡುಗಿಯ ಮುಖ ನೋಡಲಿಲ್ಲ.

ಆಂಬುಲೆನ್ಸಿನಲ್ಲಿ ಕೂತು ವಿಮೆಯವರ ಸಹಾಯವಾಣಿಗೆ ಫೋನು ಮಾಡಿದ. ಅತ್ತಲಿನ ಗಂಡಸು ಸಾವಧಾನದಿಂದ ವಿವರಿಸಿದ. ಪಾಲಿಸಿ ನಿನ್ನೆ ಸಂಜೆಯಿಂದ ಜಾರಿಯಲ್ಲಿದೆ. ಅದಾದ ಮೇಲೆ ಶುರುವಾದ ಕಾಯಿಲೆಯಾದರೆ ಆಸ್ಪತ್ರೆಯ ಖರ್ಚೂ ಸಿಗುತ್ತದೆ, ತಪ್ಪಿಹೋದ ಪ್ರವಾಸದ ಹಣವೂ ಸಿಗುತ್ತದೆ, ಜೊತೆಗಾರನಾದ ನಿಮ್ಮದೂ ಸೇರಿ. ಮೊದಲೇ ಇದ್ದದ್ದಾದರೆ ಏನೂ ಇಲ್ಲ. ಕಾಯಿಲೆ ಯಾವಾಗ ಶುರುವಾಯಿತೆಂದು ಡಾಕ್ಟರು ಬರೆದುಕೊಟ್ಟರೆ ಸಾಕು. “ಯಾವಾಗ ಶುರುವಾಯ್ತು ಸರ್?”

“ಇವತ್ತು ಬೆಳಿಗ್ಗೆ.”

ಎರಡನೆಯವರು ಕೇಳುವ ಹೊತ್ತಿಗೇ ಆ ಮಾತು ತಾನಾಗಿಯೇ ನಾಲಿಗೆಗೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಭಾವನನ್ನು ತಲೆಯ ಸ್ಕ್ಯಾನಿಗೆ ತಳ್ಳಿಕೊಂಡು ಹೋದರು, ತಳ್ಳಿಕೊಂಡು ಬಂದರು. ಪರದೆ ಎಳೆದ ಒಂದು ಮಂಚದ ಬಳಿ ಲಿಫ್ಟಪ್ಪ ಎರಡೂ ಚೀಲಗಳನ್ನು ಹೆಗಲಿಗೆ ಹಾಕಿಕೊಂಡೇ ನಿಂತಿದ್ದ. ಡಾಕ್ಟರಮ್ಮ ಬಂದಳು. ಎಳೆ ವಯಸ್ಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಆಂಬುಲೆನ್ಸಿನ ಹಾಳೆ ಅವಳ ಕೈಯಲ್ಲಿತ್ತು.

“ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ. ಕರಗಿಸೋಕೆ ಇಂಜೆಕ್ಷನ್ ಇದೆ. ಆದ್ರೆ ಅದನ್ನ ಶುರುವಾದ ಕೆಲವೇ ಗಂಟೆ ಒಳಗೆ ಕೊಡಬೇಕು. ತುಂಬಾ ಹೊತ್ತಾಗಿದ್ರೆ ಅದೇ ಇಂಜೆಕ್ಷನ್ನಿಂದ ಮಿದುಳಲ್ಲಿ ರಕ್ತ ಒಸರಿ ಜೀವಕ್ಕೇ ಅಪಾಯ. ಇದರಲ್ಲಿ ಸಾಲಲ್ಲಿ ನಿಂತಿದ್ದಾಗ ಶುರುವಾಯ್ತು ಅಂತಿದೆ. ಖಂಡಿತಾನಾ? ಬೆಳಿಗ್ಗೆ ಎದ್ದಾಗ ಪೂರ್ತಿ ಸರಿಯಿದ್ರಾ? ನಿನ್ನೆ?”

ಅವಳ ಹಿಂದೆ ನರ್ಸು ಸೀಸೆಯ ಮುಚ್ಚಳ ತೆಗೆದು ಔಷಧಿ ಕಲಸುತ್ತಿದ್ದಳು. ಗಾಜಿಗೆ ಸೂಜಿ ತಾಗಿದ ಸದ್ದು ಕೇಳಿಸಿತು.

ಲಿಫ್ಟಪ್ಪ ಭಾವನತ್ತ ನೋಡಿದ. ಭಾವನಿಗೆ ಎಲ್ಲವೂ ಕೇಳಿಸುತ್ತಿತ್ತು. ಎಡಗೈಯನ್ನು ಹಾಸಿಗೆಯ ಮೇಲೆ ಅತ್ತಿತ್ತ ಆಡಿಸಿದ. ಬೇಡ, ಹೇಳ್ಬೇಡಿ. ಕಣ್ಣಲ್ಲೂ ಅದೇ. ತನ್ನ ಕಾಯಿಲೆಯ ಖರ್ಚು ತಂಗಿಯ ಮನೆಯ ಮೇಲೆ ಬೀಳಬಾರದು ಎಂಬುದೊಂದೇ ಆ ಮನುಷ್ಯನಿಗೆ ಆಗಲೂ ಇದ್ದ ಚಿಂತೆ. ಅಷ್ಟು ಅರೆಪ್ರಜ್ಞೆಯಲ್ಲೂ ಅವನು ಬ್ಯಾಂಡ್ ಮೇಷ್ಟ್ರಾಗಿರಲಿಲ್ಲ, ರೋಗಿಯಾಗಿರಲಿಲ್ಲ, ಪುಟ್ಟಿಯ ಅಣ್ಣನಾಗಿದ್ದ.

ಒಮ್ಮೆ ಹೀಗೇ ‘ಈಗ ತಾನೇ ನಿಂತಿತು’ ಎಂದವರ ಮಾತು ನಂಬಿ ಲಿಫ್ಟಪ್ಪ ಮೋಟಾರಿನ ಬ್ರೇಕು ಸಡಿಲಿಸಿದ್ದ. ತಿಂಗಳಿಂದ ಸವೆಯುತ್ತಿದ್ದ ಲಿಫ್ಟಿನ ಉಕ್ಕಿನ ಹಗ್ಗ ಗಾಲಿಯ ಮೇಲೆ ಜಾರಿ ಅವನ ಮುಂಗೈ ಮುರಿದಿತ್ತು. ಹೇಳಿದವರು ಕೆಟ್ಟವರಾಗಿರಲಿಲ್ಲ, ದುಡ್ಡು ಉಳಿಸಲು ನೋಡಿದವರು. ಈಗ ಈ ಎಳೆ ಡಾಕ್ಟರಮ್ಮ ಅವನ ಮಾತು ನಂಬಿ ಕೈ ಹಾಕಲಿದ್ದಾಳೆ. ಮುರಿಯುವುದು ಅವಳ ಕೈಯಲ್ಲ.

ನರ್ಸು ಸಿರಿಂಜು ಹಿಡಿದು ಮಂಚದ ಹತ್ತಿರ ಬಂದಳು.

“ಸುಳ್ಳು ಹೇಳಿದೆ ಡಾಕ್ಟ್ರೇ,” ಎಂದ ಲಿಫ್ಟಪ್ಪ. ಸ್ವರ ಎಷ್ಟು ಸಣ್ಣಗಿತ್ತೆಂದರೆ ಅವಳು ಮತ್ತೆ ಕೇಳಬೇಕಾಯಿತು. “ನಿನ್ನೆ ಸಂಜೆನೇ ಶುರುವಾಗಿದ್ದು. ಊಟಕ್ಕೆ ಕೂತಾಗ ಕೈ ಜೋಮು ಹಿಡಿದು ಚಮಚ ಬಿತ್ತು. ಬಾಯಿ ಸೊಟ್ಟ ಆಗಿತ್ತು. ಮಾತು ಸರಿಹೋಯ್ತು, ಕೈ ಸರಿಹೋಗ್ಲೇ ಇಲ್ಲ. ಬೆಳಿಗ್ಗೆ ಗುಂಡಿ ನಾನೇ ಹಾಕ್ದೆ.”

ಡಾಕ್ಟರಮ್ಮ ತಿರುಗಿ ನೋಡದೆ ಕೈಯೆತ್ತಿದಳು. ನರ್ಸು ಇದ್ದಲ್ಲೇ ನಿಂತಳು.

“ಇದನ್ನ ಯಾಕೆ ಮೊದಲು ಹೇಳ್ಲಿಲ್ಲ?”

“ಪಾಲಿಸಿ… ಅದಾದ ಮೇಲೆ ಮಾಡಿಸಿದ್ದು.”

ಅವಳಿಗೆ ಅರ್ಥವಾಯಿತು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹಾಳೆಯ ಮೇಲೆ ಒಂದು ಸಾಲು ಬರೆಯುತ್ತಾ, ಹವಾಮಾನದ ಸುದ್ದಿ ಹೇಳುವಷ್ಟು ಸಾದಾ ದನಿಯಲ್ಲಿ, “ನಿನ್ನೆ ಸಂಜೆನೇ ಕರ್ಕೊಂಡು ಬಂದಿದ್ರೆ ಇದೇ ಇಂಜೆಕ್ಷನ್ ಕೊಡಬಹುದಿತ್ತು,” ಎಂದಳು. “ಈಗ ಇದು ಆಗಲ್ಲ. ಇನ್ನೊಂದು ಸ್ಕ್ಯಾನ್ ಮಾಡಿ ಮಿದುಳು ಎಷ್ಟು ಉಳಿದಿದೆ ನೋಡ್ತೀವಿ. ಉಳಿದಿದ್ರೆ ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ಬಿಟ್ಟು ಹೆಪ್ಪು ಎಳೆದು ತೆಗೀಬಹುದು. ಖರ್ಚು ಜಾಸ್ತಿ. ಗ್ಯಾರಂಟಿ ಕೊಡೋಕಾಗಲ್ಲ. ಸಹಿ ಹಾಕ್ತೀರಾ?”

ಗ್ಯಾರಂಟಿ ಎಂಬ ಮಾತಿಗೆ ಅವನು ಜೀವಮಾನದಲ್ಲಿ ಮೊದಲ ಸಲ ಮೂಗು ಮುರಿಯಲಿಲ್ಲ. ಸಹಿ ಹಾಕಿದ. ಭಾವ ಮುಖ ಆಚೆ ತಿರುಗಿಸಿಕೊಂಡುಬಿಟ್ಟ.

ಬಾಗಿಲ ಮೇಲಿನ ಕೆಂಪು ದೀಪ ಹತ್ತಿದ ಮೇಲೆ ಲಿಫ್ಟಪ್ಪ ಹೊರಗಿನ ಬೆಂಚಿನ ಮೇಲೆ ಕೂತು ಹೆಂಡತಿಗೆ ಫೋನು ಮಾಡಿದ. ಭಾವ ಹಡಗಿನ ಸಾಲಿನಲ್ಲಿ ನಿಂತಿದ್ದಾಗ ಕುಸಿದುಬಿದ್ದ, ಕೂಡಲೇ ಆಸ್ಪತ್ರೆಗೆ ತಂದೆ ಎಂದ. ಒಂದೊಂದು ಮಾತೂ ನಿಜ. ಹಿಂದಿನ ಸಂಜೆಯನ್ನು ಮಾತ್ರ ಬಿಟ್ಟ. ಡಾಕ್ಟರ ಮುಂದೆ ಬಿಚ್ಚಿದ ಬಾಯಿಗೆ ಹೆಂಡತಿಯ ದನಿ ಕೇಳಿದ ಕೂಡಲೇ ಮತ್ತೆ ಬೀಗ ಬಿತ್ತು. ಅವಳು ಅಳಲಿಲ್ಲ. “ಬರ್ತಿದ್ದೀನಿ,” ಎಂದಳು ಅಷ್ಟೇ.

ಅವಳು ಬಂದು ತಲುಪಿದಾಗ ಮುಖ ಬಿಳಿಚಿಕೊಂಡಿತ್ತು, ಸೀರೆಯ ಸೆರಗು ಒದ್ದೆಯಾಗಿತ್ತು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಿದ್ದಳು. ಅಷ್ಟು ಹೊತ್ತಿಗೆ ಭಾವನ ಹೆಪ್ಪು ತೆಗೆದಾಗಿತ್ತು. ಜೀವಕ್ಕೆ ಅಪಾಯವಿಲ್ಲ ಎಂದಿದ್ದರು. ಮಾತು ಚೂರುಚೂರಾಗಿ ವಾಪಸ್ ಬರಬಹುದು, ಕಾಲು ಪರವಾಗಿಲ್ಲ, ಬಲಗೈಯ ಬಗ್ಗೆ ಈಗಲೇ ಏನೂ ಹೇಳಲಾಗದು. ಕ್ಲಾರಿನೆಟ್ಟಿನ ಹೆಸರು ಗಂಡಹೆಂಡಿರಲ್ಲಿ ಯಾರೂ ಎತ್ತಲಿಲ್ಲ.

ಆಮೇಲಿನ ದಿನಗಳು ಲಿಫ್ಟಪ್ಪನಿಗೆ ಮೊದಲಿನ ದಿನಕ್ಕಿಂತ ಕಷ್ಟದವಾದವು. ಯಾಕೆಂದರೆ ಹೆಂಡತಿ ಅವನನ್ನು ಹೊಗಳತೊಡಗಿದಳು. ಪಕ್ಕದ ಮಂಚದವರಿಗೆ, ನೆಲ ಒರೆಸುವ ಹೆಂಗಸಿಗೆ, ಫೋನು ಮಾಡಿದ ಡ್ರಾಯಿಂಗ್ ಮೇಷ್ಟ್ರಿಗೆ, ಎಲ್ಲರಿಗೂ ಅದೇ ಮಾತು. “ಇವರು ಜೊತೆಗಿದ್ದಿದ್ದಕ್ಕೆ ಆಯ್ತು. ಬಿದ್ದ ಕೂಡಲೇ ಹಡಗೂ ನೋಡ್ಲಿಲ್ಲ, ದುಡ್ಡೂ ನೋಡ್ಲಿಲ್ಲ, ಎತ್ಕೊಂಡು ಬಂದ್ರು.” ಅವನು ನೀರಿನ ಬಾಟಲಿ ತುಂಬಿಸುವ ನೆಪದಲ್ಲಿ ಎದ್ದು ಹೋಗುತ್ತಿದ್ದ. ಹೋದಲ್ಲೂ ನಳದ ಮುಂದೆ ಸುಮ್ಮನೆ ನಿಂತಿರುತ್ತಿದ್ದ, ಬಾಟಲಿ ತುಂಬಿ ಹರಿದರೂ. ಭಾವ ಮಲಗಿದಲ್ಲಿಂದ ಅವನನ್ನೇ ನೋಡುತ್ತಿದ್ದ. ಗುಟ್ಟು ಗೊತ್ತಿದ್ದವರು ಅವರಿಬ್ಬರೇ, ಅದರಲ್ಲೊಬ್ಬನಿಗೆ ಮಾತು ಬರುತ್ತಿರಲಿಲ್ಲ.

ಆಸ್ಪತ್ರೆಯವರು ಮುಂಗಡ ಕೇಳಿದಾಗ ಲಿಫ್ಟಪ್ಪ ಕಂಪನಿಯ ಸೊಸೈಟಿಯಿಂದ ಸಾಲ ತೆಗೆದ. “ಇನ್ಶೂರೆನ್ಸಿನವರು ಕೊಟ್ಟ ಮೇಲೆ ಕಟ್ಟಿದ್ರಾಯ್ತು,” ಎಂದು ಹೆಂಡತಿ ಸಮಾಧಾನ ಹೇಳಿದಳು. “ನೀವು ಮೊದಲೇ ಮಾಡಿಸಿಟ್ಟಿದ್ದು ಎಷ್ಟು ಒಳ್ಳೇದಾಯ್ತು ನೋಡಿ.”

ಆಸ್ಪತ್ರೆಯವರು ಕಾಗದಪತ್ರ ಕಳಿಸಿದ ಮೇಲೆ ವಿಮೆಯವರ ಫೋನು ಬಂದದ್ದು ಒಂದು ಮಧ್ಯಾಹ್ನ. ಲಿಫ್ಟಪ್ಪ ಭಾವನಿಗೆ ಗಂಜಿ ಕುಡಿಸುತ್ತಿದ್ದ, ಎರಡೂ ಕೈಯಲ್ಲಿ ಬಟ್ಟಲು, ಚಮಚ. ಹೆಂಡತಿಯೇ ಫೋನೆತ್ತಿ, ಎಲ್ಲರಿಗೂ ಕೇಳುವ ಹಾಗೆ ಮಾಡಿ ಅವನ ಮುಂದೆ ಹಿಡಿದಳು.

ಮಾತಾಡಿದ್ದು ಒಬ್ಬ ಅಧಿಕಾರಿ ಹೆಂಗಸು, ಸಭ್ಯ ದನಿ. “ಸರ್, ನಿಮ್ಮ ಕಾಗದಪತ್ರ ನೋಡ್ತಿದ್ದೆ. ಒಂದು ಸಣ್ಣ ಗೊಂದಲ. ಆಂಬುಲೆನ್ಸಿನ ಹಾಳೆಯಲ್ಲಿ ಕಾಯಿಲೆ ಬೆಳಿಗ್ಗೆ ಹಜಾರದಲ್ಲಿ ಶುರುವಾಯ್ತು ಅಂತಿದೆ. ಆಸ್ಪತ್ರೆ ಹಾಳೆಯಲ್ಲಿ ಹಿಂದಿನ ಸಂಜೆ ಅಂತಿದೆ. ಗಡಿಬಿಡಿಯಲ್ಲಿ ಹೀಗೆ ತಪ್ಪು ಬರೆಯೋದುಂಟು. ಆಂಬುಲೆನ್ಸಿನದು ಸರಿ ಅಂತಾದ್ರೆ, ಡಾಕ್ಟರ ಹತ್ರ ಒಂದು ತಿದ್ದುಪಡಿ ಬರೆಸಿ ಕಳಿಸಿ. ಆಸ್ಪತ್ರೆಯದೂ ಹಡಗಿನದೂ ಎರಡೂ ಪಾಸಾಗುತ್ತೆ. ಯಾವುದು ಸರಿ ಸರ್?”

ಹೆಂಡತಿ ನಕ್ಕುಬಿಟ್ಟಳು. “ನೋಡಿ, ಆಸ್ಪತ್ರೆಯೋರು ಏನೇನೋ ಬರ್ದಿದ್ದಾರೆ. ಹೇಳ್ರೀ.”

ಲಿಫ್ಟಪ್ಪನ ಕೈಯಲ್ಲಿದ್ದ ಚಮಚ ಭಾವನ ಬಾಯಿಗೂ ಬಟ್ಟಲಿಗೂ ನಡುವೆ ನಿಂತಿತು. ಈಗ ಸುಳ್ಳು ಹೇಳಿದರೆ ಯಾರ ಮಿದುಳಲ್ಲೂ ರಕ್ತ ಒಸರುವುದಿಲ್ಲ. ಸಾಲ ತೀರುತ್ತದೆ. ಹೆಂಡತಿ ಹೀಗೇ ನಗುತ್ತಿರುತ್ತಾಳೆ, ಜೀವನಪೂರ್ತಿ. ಭಾವ ಅವನನ್ನು ನೋಡುತ್ತಾ ಎಡಗಣ್ಣು ಮುಚ್ಚಿ ತೆರೆದ. ಹೇಳಿಬಿಡಿ, ಬೆಳಿಗ್ಗೆ ಅಂತ ಹೇಳಿಬಿಡಿ. ಆದರೆ ಹೀಗೆ ಉಳಿಸಿಕೊಂಡ ನಗುವಿನ ಮುಂದೆ ದಿನಾ ಕೂತು ಉಣ್ಣುವುದನ್ನು ಯೋಚಿಸಿದ ಕೂಡಲೇ ಲಿಫ್ಟಪ್ಪ ಚಮಚವನ್ನು ಬಟ್ಟಲಿಗೆ ಇಳಿಸಿದ.

“ಆಸ್ಪತ್ರೆಯದೇ ಸರಿ ಮೇಡಂ,” ಎಂದ. “ಹಿಂದಿನ ಸಂಜೆ.”

“ಪಾಲಿಸಿ ತಗೊಳ್ಳೋಕೆ ಮುಂಚೆನಾ, ಆಮೇಲಾ?”

“ಮುಂಚೆ. ಅದನ್ನ ನೋಡಿ ಹೆದರಿಕೊಂಡೇ ಪಾಲಿಸಿ ತಗೊಂಡಿದ್ದು.”

“ಸರಿ ಸರ್. ಹಾಗೇ ಬರ್ಕೊಳ್ತೀನಿ. ಕ್ಲೇಮು ಆಗೋದಿಲ್ಲ. ರೋಗಿ ಬೇಗ ಹುಷಾರಾಗಲಿ,” ಎಂದು ಹೇಳಿ ಆಕೆ ಫೋನಿಟ್ಟಳು.

ಹೆಂಡತಿಯ ಕೈ ಫೋನು ಹಿಡಿದ ಹಾಗೇ ಇತ್ತು. ಅವಳ ಮುಖದ ನಗು ಹೋಗಿರಲಿಲ್ಲ, ಆದರೆ ಅದರೊಳಗೆ ಈಗ ಏನೂ ಇರಲಿಲ್ಲ.

“ಅಂದ್ರೆ ಸಂಜೆನೇ ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿದ್ದೂ, ಅಣ್ಣನ್ನ ಪಕ್ಕದಲ್ಲಿ ಮಲಗಿಸ್ಕೊಂಡು, ಫೋನಲ್ಲಿ ಪಾಲಿಸಿ ಮಾಡಿಸ್ತಾ ಕೂತ್ರಿ. ನನಗೆ ಸುಳ್ಳು ಹೇಳಿದ್ದು ಹೊರಗೆ ಬೀಳಬಾರದು ಅಂತ.”

ಗಂಜಿ ತಣ್ಣಗಾಗಿ ಮೇಲೆ ಕೆನೆ ಕಟ್ಟುತ್ತಿತ್ತು.

ಆಗ ಭಾವ ಬಾಯಿ ತೆರೆದ. ಅಷ್ಟು ದಿನದಲ್ಲಿ ಅವನ ಬಾಯಿಂದ ಬಂದಿದ್ದದ್ದು ಒಂದೊಂದೇ ತುಂಡು ಪದ. ಈಗ ಕುತ್ತಿಗೆಯ ನರ ಉಬ್ಬಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಒಂದು ಪೂರ್ತಿ ಮಾತು ಕಟ್ಟಲು ಹೆಣಗಿದ. “ನಾ… ನಾನೇ. ಬೇಡ. ಅಂದೆ. ಪುಟ್ಟಿ. ನಾನೇ… ಬೇಡ ಅಂದೆ.”

ಅವಳು ಅಣ್ಣನ ಹತ್ತಿರ ಹೋಗಿ, ಅವನ ಅಲುಗಾಡದ ಬಲಗೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು. ಗಂಡನತ್ತ ತಿರುಗಿ ನೋಡಲಿಲ್ಲ.

“ನೀನು ಬೇಡ ಅನ್ನೋನೇ ಅಣ್ಣ,” ಎಂದಳು. “ಮೈ ಸುಡ್ತಿದ್ರೂ ಚೆನ್ನಾಗಿದ್ದೀನಿ ಅನ್ನೋನು ನೀನು. ಅದು ಗೊತ್ತಿದ್ದೇ ತಾನೇ, ಬೇರೆ ಯಾರೂ ಬೇಡ ಅಂತ ಇವರನ್ನ ನಿನ್ನ ಜೊತೆ ಕಳಿಸಿದ್ದು.”